ಬೇಡ ಎಂದ ಮೇಲೆ

ನನ್ನ ಸೊಸೆ ಎರಡನೇ ಸಲ ಫೇಲಾದ ಮಾರನೆಯ ದಿನ ನಾನು ಚಪ್ಪಲಿ ಮೆಟ್ಟಿಕೊಂಡು ನೇರ ಆಸ್ಪತ್ರೆಗೇ ಹೋದೆ. ಜಗಳಕ್ಕೆ. ಇದರಲ್ಲಿ ಮುಚ್ಚುಮರೆ ಏನೂ ಇಲ್ಲ. ಮೂವತ್ತೆರಡು ವರ್ಷ ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ದುಡಿದವಳು ನಾನು, ಅದರಲ್ಲಿ ಕೊನೆಯ ಹದಿನೆಂಟು ವರ್ಷ ಸೂಪರ್‌ವೈಸರ್. ಅರವತ್ತು ಮಿಷನ್ನುಗಳು ಒಟ್ಟಿಗೆ ಓಡುತ್ತಿದ್ದರೂ ನನ್ನ ದನಿ ಕೊನೆಯ ಸಾಲಿನವರೆಗೆ ಕೇಳಿಸುತ್ತಿತ್ತು. ಕೆಲಸ ಗೊತ್ತಿರುವವಳ ಕೈ ಯಾವುದು, ಗೊತ್ತಿಲ್ಲದವಳ ಕೈ ಯಾವುದು ಎಂದು ಎರಡಂಗುಲ ಹೊಲಿಗೆ ನೋಡಿ ಹೇಳಬಲ್ಲೆ. ನನ್ನ ಸೊಸೆಯ ಕೆಲಸದಲ್ಲಿ ತಪ್ಪು ಕಂಡ ಪುಣ್ಯಾತ್ಮರು ಯಾರು, ಅವರ ಮುಖ ಒಮ್ಮೆ ನೋಡಿಬಿಡೋಣ ಎಂದು ಹೊರಟಿದ್ದೆ.

ಅವಳು ಆ ಆಸ್ಪತ್ರೆಯಲ್ಲಿ ನಾಲ್ಕು ವರ್ಷದಿಂದ ವಾರ್ಡಿನ ನೆಲ ಒರೆಸುತ್ತಿದ್ದಳು. ನೆಲ ಒರೆಸುವವರಿಗೆ, ಟ್ರಾಲಿ ತಳ್ಳುವವರಿಗೆ ಅಂತಲೇ ಅವರು ಒಂದು ತರಬೇತಿ ಶುರು ಮಾಡಿದರು. ಎಂಟು ತಿಂಗಳು ಕಲಿತು ಪಾಸಾದರೆ ಆರೈಕೆ ಸಹಾಯಕಿ. ಅಂದರೆ ರೋಗಿಯ ಮೈ ಒರೆಸುವುದು, ಮಲಗಿದಲ್ಲೇ ಹೊರಳಿಸುವುದು, ಊಟ ಮಾಡಿಸುವುದು, ಬಿಪಿ, ನಾಡಿ, ಉಸಿರು ನೋಡಿ ಬರೆಯುವುದು, ಏನಾದರೂ ಏರುಪೇರು ಕಂಡರೆ ನರ್ಸಿಗೆ ಹೇಳುವುದು. ಪರೀಕ್ಷೆಗೆ ಮೂರು ಅವಕಾಶ. ಮೂರೂ ಹೋದರೆ ಮತ್ತೆ ಸೇರಿಸಿಕೊಳ್ಳುವುದಿಲ್ಲ, ನೆಲ ಒರೆಸುವ ಕೋಲೇ ಗತಿ.

ಇದು ಅವಳಿಗೆ ಎಷ್ಟು ಬೇಕಾಗಿತ್ತು ಎಂಬುದು ಅವಳು ಹೇಳಿ ನನಗೆ ಗೊತ್ತಾದದ್ದಲ್ಲ. ಅವಳು ಏನನ್ನಾದರೂ ಬೇಕು ಎಂದಿದ್ದೇ ನಾನು ಕೇಳಿಲ್ಲ. ಆದರೆ ಕಣ್ಣಿದೆಯಲ್ಲ ನನಗೆ. ಎಂಟು ತಿಂಗಳು ಮಕ್ಕಳಿಬ್ಬರೂ ಮಲಗಿದ ಮೇಲೆ ಅಡುಗೆಮನೆಯ ನೆಲದ ಮೇಲೆ ಕೂತು ನೋಟ್ಸ್ ಬರೆದಳು. ಒಂದು ಹಾಳೆಯಲ್ಲಿ ಮನುಷ್ಯನ ಆಕಾರ ಬರೆದು, ಮಲಗಿದಲ್ಲೇ ಮಲಗಿದರೆ ಹುಣ್ಣಾಗುವ ಜಾಗಕ್ಕೆಲ್ಲ ಕೆಂಪು ಚುಕ್ಕೆ ಇಟ್ಟಳು. ನನ್ನ ಮಗ ಟಿವಿ ಮುಂದೆ ಕೂತಿದ್ದಾಗ ಅವನ ಮಣಿಕಟ್ಟು ಹಿಡಿದು ನಾಡಿ ಎಣಿಸಿದಳು. ಅವನು ಬಸ್ ಓಡಿಸುವವನು, ದಣಿದು ಬಂದಿರುತ್ತಾನೆ, ಹೆಂಡತಿ ಪ್ರೀತಿಯಿಂದ ಕೈ ಹಿಡಿದಿದ್ದಾಳೆ ಅಂದುಕೊಂಡು ಹಲ್ಲು ಕಿರಿಯುತ್ತಿದ್ದ. ಅವಳ ಕಣ್ಣು ಗಡಿಯಾರದ ಮೇಲೆ.

ತರಬೇತಿಯ ಕೋಣೆ ಆಸ್ಪತ್ರೆಯ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ಕಟ್ಟಡದ ಪಕ್ಕಕ್ಕಿತ್ತು. ನಾಲ್ಕು ಮಂಚ, ನಾಲ್ಕು ಪರದೆ. ಒಂದು ಮಂಚದ ಮೇಲೆ ಆಳೆತ್ತರದ ರಬ್ಬರ್ ಗೊಂಬೆ, ಕುತ್ತಿಗೆಯವರೆಗೆ ಹೊದ್ದು ಮಲಗಿತ್ತು. ಕಲಿಯುವ ಹುಡುಗಿಯರು ಅದನ್ನು ರಬ್ಬರ್ ಮಾವ ಅನ್ನುತ್ತಾರಂತೆ. ಕಿಟಕಿಯ ಬಳಿ ಕುಳ್ಳನೆಯ ಹೆಂಗಸೊಬ್ಬರು ಕನ್ನಡಕವನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡು ಟವೆಲ್ ಮಡಚುತ್ತಿದ್ದರು.

"ದೊಡ್ಡ ಸಿಸ್ಟರ್ ಯಾರು ಇಲ್ಲಿ?" ಅಂದೆ.

"ನಾನೇ. ಚಪ್ಪಲಿ ಹೊರಗೆ ಬಿಟ್ಟು ಬನ್ನಿ."

ಜಗಳಕ್ಕೆ ಬಂದವಳಿಗೆ ಹೊರಗೆ ಹೋಗಿ ಚಪ್ಪಲಿ ಬಿಟ್ಟು ಬಾ ಎಂದರೆ ಅರ್ಧ ಕಾವು ಅಲ್ಲೇ ಇಳಿದುಹೋಗುತ್ತದೆ. ಉಳಿದರ್ಧ ಹಿಡಿದುಕೊಂಡು ಒಳಗೆ ಬಂದು ಯಾರ ಅತ್ತೆ ಎಂದು ಹೇಳಿದೆ. "ನನ್ನ ಸೊಸೆ ಕೆಲಸದಲ್ಲಿ ಏನು ತಪ್ಪು ಕಂಡ್ರಿ ಹೇಳಿ ನೋಡೋಣ."

"ಒಂದೂ ಇಲ್ಲ," ಎಂದು ಅವರು ಕಡತ ತೆಗೆದರು. "ರೋಗಿ ಮಲಗಿದ್ದಂಗೇ ಚಾದರ ಬದಲಾಯಿಸೋದು, ಹತ್ತಕ್ಕೆ ಹತ್ತು. ಮೈ ಒರೆಸೋದು, ಹತ್ತಕ್ಕೆ ಹತ್ತು. ಬಿಪಿ ಸರಿ, ನಾಡಿ ಸರಿ. ನಲವತ್ತು ಜನರಲ್ಲಿ ಇಷ್ಟು ಒಳ್ಳೆ ಕೈ ಇನ್ನೊಂದಿಲ್ಲ."

"ಮತ್ತೆ?"

"ಬಾಯಿಲ್ಲ."

ಆಮೇಲೆ ಕೂರಿಸಿ ಹೇಳಿದರು. ರೋಗಿಯನ್ನು ಮುಟ್ಟುವ ಮೊದಲು ಏನು ಮಾಡುತ್ತೇನೆ ಎಂದು ಹೇಳಬೇಕು, ಮಾಡಲಾ ಎಂದು ಕೇಳಬೇಕು, ಉತ್ತರಕ್ಕೆ ಕಾಯಬೇಕು. ಪ್ರತಿ ಸಲವೂ. ನಂಬರ್ ಹಾಕುವ ಪಟ್ಟಿಯಲ್ಲಿ ಅದರ ಮುಂದೆ ನಕ್ಷತ್ರದ ಗುರುತಿದೆ. ನಕ್ಷತ್ರದ್ದು ಒಂದು ತಪ್ಪಿದರೂ ಉಳಿದದ್ದೆಲ್ಲ ನೀರಲ್ಲಿ ಹೋಮ. ನನ್ನ ಸೊಸೆ ಮೊದಲನೇ ಸಲ ಗೊಂಬೆಯನ್ನು ಹೂವಿನ ಹಾಗೆ ತೊಳೆದು ಒರೆಸಿ ಹೊದಿಸಿ ಬಂದಳಂತೆ, ತುಟಿ ಎರಡು ಮಾಡಲಿಲ್ಲವಂತೆ. ಎರಡನೇ ಸಲ ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರು ರೋಗಿಯಾಗಿ ಮಲಗಿದ್ದರು. ಅವತ್ತು ಹೇಗೋ ಕಷ್ಟಪಟ್ಟು ಹೇಳಿ ಕೇಳಿ ಮಾಡಿದಳು. ಮಧ್ಯದಲ್ಲಿ ಅವರು, ಮೊದಲೇ ಹೇಳಿಕೊಟ್ಟ ಪ್ರಕಾರ, "ಬೇಡ" ಅಂದರು. ಇವಳು ನೀರಿನ ಬೋಗುಣಿ ಎತ್ತಿಕೊಂಡು ಹೋಗಿ ಮೂಲೆಯಲ್ಲಿ ನಿಂತವಳು ಸಮಯ ಮುಗಿಯುವವರೆಗೆ ಅಲ್ಲೇ ನಿಂತಿದ್ದಳಂತೆ. ಹನ್ನೊಂದು ನಿಮಿಷ.

"ಬೇಡ ಅಂದ್ರೆ ಬಿಡೋದು ತಪ್ಪಾ?" ಅಂದೆ.

"ಬಿಡೋದು ತಪ್ಪಲ್ಲ. ಯಾಕೆ ಅಂತ ಕೇಳದೆ ಬಿಡೋದು ತಪ್ಪು. ನೋವಿರಬಹುದು, ಚಳಿ ಇರಬಹುದು, ನಾಚಿಕೆ ಇರಬಹುದು. ಕೇಳದೇ ಹೋದ್ರೆ ಆ ಮನುಷ್ಯ ಒದ್ದೆಯಲ್ಲೇ ಮಲಗಿರ್ತಾನೆ. ನಾವು 'ರೋಗಿ ಬೇಡ ಎಂದರು' ಅಂತ ಬರೆದು ಕೈ ತೊಳ್ಕೊಂಡು ಹೋಗ್ತೀವಿ." ಕನ್ನಡಕ ಏರಿಸಿ ನನ್ನನ್ನು ನೋಡಿದರು. "ಮನೇಲೂ ಹೀಗೇನಾ ಅವಳು?"

"ನಮ್ಮನೇಲಾ?" ನನಗೆ ಹೆಮ್ಮೆ ಉಕ್ಕಿತು. "ಮದುವೆಯಾಗಿ ಹನ್ನೊಂದು ವರ್ಷ ಆಯ್ತು. ಅವಳ ದನಿ ಪಕ್ಕದ ಮನೆಗೆ ಒಂದು ದಿನ ಕೇಳಿಸಿಲ್ಲ. ನಾನೇ ತಿದ್ದಿ ತೀಡಿದ್ದು."

ಅವರು ಕೈಯಲ್ಲಿದ್ದ ಟವೆಲನ್ನು ಮಡಚಿ ಮುಗಿಸಿದರು. "ಹಾಗಾದ್ರೆ ನಾವಿಬ್ರೂ ಪಾಠ ಮಾಡ್ತಾ ಇದೀವಿ," ಅಂದರು. "ನಾನು ಎಂಟು ತಿಂಗಳಿಂದ, ನೀವು ಹನ್ನೊಂದು ವರ್ಷದಿಂದ. ನಿಮ್ಮ ಪಾಠನೇ ಚೆನ್ನಾಗಿ ಹತ್ತಿದೆ."

ಬೇರೆ ಯಾರಾದರೂ ಈ ಮಾತು ಅಂದಿದ್ದರೆ ಅವರ ನೀರಿಳಿಸಿ ಬರುತ್ತಿದ್ದೆ. ಆದರೆ ಆ ಹೆಂಗಸು ಕೊಂಕಿನಿಂದ ಅನ್ನಲಿಲ್ಲ. ಬಿಪಿ ಇಷ್ಟಿದೆ ಎಂದು ಹೇಳುವ ಹಾಗೆ ಹೇಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಲ್ಲ, ಹಾಗೆ ನಾನು ಸೆರಗು ಸರಿಮಾಡಿಕೊಂಡೆ.

"ಮೂರನೇ ಪರೀಕ್ಷೆಗೆ ರೋಗಿಯನ್ನ ಅವಳೇ ಕರೆದುಕೊಂಡು ಬರಬಹುದು," ಅಂದರು ಸಿಸ್ಟರ್. "ಅರವತ್ತು ದಾಟಿರಬೇಕು, ಬಾಯಿ ನೆಟ್ಟಗಿರಬೇಕು. ನಂಬರ್ ಹಾಕೋಕೆ ಹೊರಗಿಂದ ಬೇರೆಯವರು ಬರ್ತಾರೆ, ನನ್ನ ಕೈಯಲ್ಲಿ ಏನೂ ಇರಲ್ಲ. ನೀವೇ ಬಂದು ಮಲಗ್ತೀರಾ? ನಿಮ್ಮನ್ನ ಯಾಕೆ ಅಂತ ಕೇಳೋಕೆ ಬಂದ್ರೆ, ಅವಳು ಇನ್ನು ಯಾರನ್ನ ಬೇಕಾದ್ರೂ ಕೇಳ್ತಾಳೆ."

"ಕೇಳೋಕೆ ಬರ್ಲಿಲ್ಲ ಅಂದ್ರೆ?"

"ಅದೇ ಕೊನೇದು."

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಮನೆಗೆ ಬರುವಾಗ ನನ್ನ ಮೇಲೆ ನನಗೇ ಸಿಟ್ಟು ಬಂತು, ಅದನ್ನು ಕಂಡಕ್ಟರನ ಮೇಲೆ ತೀರಿಸಿಕೊಂಡೆ. ನಿಜ ಹೇಳುತ್ತೇನೆ. ಅವಳು ಮದುವೆಯಾಗಿ ಬಂದ ಮೊದಲ ವಾರ, ಅಡುಗೆಮನೆಯಲ್ಲಿ ಏನೋ ಹೇಳುತ್ತಾ ನಗುತ್ತಿದ್ದಳು. ಒಳ್ಳೆಯ ಗಟ್ಟಿ ನಗು. ನಾನು ಕಾರ್ಖಾನೆಯಿಂದ ಆಗಷ್ಟೇ ಬಂದಿದ್ದೆ, ತಲೆಯಲ್ಲಿ ಇನ್ನೂ ಮಿಷನ್ನು ಓಡುತ್ತಿತ್ತು. "ನೋಡಮ್ಮ, ನಮ್ಮನೇಲಿ ಕೈ ಮಾತಾಡಬೇಕು, ಬಾಯಲ್ಲ," ಅಂದೆ. ಮಿಷನ್ನಿನ ಹುಡುಗಿಯರಿಗೆ ದಿನಾ ಹೇಳುವ ಮಾತು. ಅವರು ನನ್ನ ಬೆನ್ನ ಹಿಂದೆ ನಾಲಿಗೆ ಚಾಚಿ ಮತ್ತೆ ಹರಟುತ್ತಿದ್ದರು. ಇವಳು ನಂಬಿಬಿಟ್ಟಳು. ಬಾಯಲ್ಲಿ ಬೆರಳಿಟ್ಟರೂ ಕಚ್ಚದವಳು ಎಂದು ನೆಂಟರೆಲ್ಲ ಹೊಗಳಿದರು, ನಾನು ನನ್ನನ್ನೇ ಹೊಗಳಿದ ಹಾಗೆ ಬೀಗಿದೆ.

ಮನೆಗೆ ಬಂದು ಹೇಳಿದೆ, "ಮೂರನೇ ಸಲಕ್ಕೆ ನಾನೇ ನಿನ್ನ ರೋಗಿ."

ಅವಳು ನೆಲ ನೋಡಿಕೊಂಡು "ಹ್ಞೂ ಅತ್ತೆ" ಅಂದಳು. ನನ್ನ ಮಗ ಊಟ ಮಾಡುತ್ತಿದ್ದವನು ನೆತ್ತಿಗೆ ಹತ್ತಿ ಕೆಮ್ಮಿದ. "ಅಮ್ಮ, ನೀನು ಇಪ್ಪತ್ತು ನಿಮಿಷ ಸುಮ್ನೆ ಮಲಗ್ತೀಯಾ? ಪರೀಕ್ಷೆ ಅವಳಿಗಲ್ಲ, ನಿಂಗೆ," ಅಂದ. ಅವನಿಗೆ ಒಂದು ಕೊಟ್ಟೆ.

ಪರೀಕ್ಷೆಗೆ ಮೂರು ವಾರವಿತ್ತು. ದಿನಾ ಮಧ್ಯಾಹ್ನ ಅವಳ ಪಾಳಿ ಮುಗಿದ ಮೇಲೆ ನಾನು ನನ್ನ ಮಂಚದ ಮೇಲೆ ಮಲಗುವುದು, ಅವಳು ಬೋಗುಣಿ, ಎರಡು ಟವೆಲ್, ಸೋಪು ಹಿಡಿದು ಬರುವುದು. ಮೊದಲ ದಿನದ ಕಥೆ ಕೇಳಿ. ರೋಗಿಯನ್ನು ಏನೆಂದು ಕರೆಯಬೇಕು ಎಂದು ಮೊದಲು ಕೇಳಬೇಕಂತೆ. ಬಾಗಿಲ ಬಳಿ ನಿಂತು, ಗೋಡೆಗೆ ಹೇಳುವ ಹಾಗೆ, "ನಿಮ್ಮನ್ನ ಏನಂತ ಕರೀಲಿ?" ಅಂದಳು.

"ಬಾಯಿಗೆ ಬಂದಂಗೆ ಕರಿ," ಅಂದೆ.

ಅವಳಿಗೆ ನಗು ಬಂತು. ತಡೆದುಕೊಂಡಳು. ಹನ್ನೊಂದು ವರ್ಷದಲ್ಲಿ ಅವಳು ನಗು ತಡೆದುಕೊಳ್ಳುವುದನ್ನು ನಾನು ಎಷ್ಟು ಸಲ ನೋಡಿಲ್ಲವೋ ಏನೋ. ನೋಡಿದ್ದರೂ ಅದು ನಗು ಅಂತ ಗೊತ್ತಾಗಿರಲಿಕ್ಕಿಲ್ಲ.

ಕೈ ಮಾತ್ರ, ಏನು ಹೇಳಲಿ. ನೀರಿನ ಬಿಸಿಯನ್ನು ಮೊಣಕೈಯಿಂದ ನೋಡುತ್ತಿದ್ದಳು. ಕಣ್ಣನ್ನು ಮೂಗಿನ ಕಡೆಯಿಂದ ಹೊರಕ್ಕೆ ಒಂದೇ ಸಲ ಒರೆಸಿ, ಇನ್ನೊಂದು ಕಣ್ಣಿಗೆ ಬಟ್ಟೆಯ ಬೇರೆ ಮೂಲೆ. ಒರೆಸುವ ಕೈಯೊಂದನ್ನು ಬಿಟ್ಟು ಉಳಿದ ಮೈಯೆಲ್ಲ ಹೊದ್ದೇ ಇರುತ್ತಿತ್ತು. ನಾಡಿ ನೋಡುವ ನೆವದಲ್ಲಿ ಮಣಿಕಟ್ಟು ಹಿಡಿದು ಎದೆಯ ಏರಿಳಿತ ಎಣಿಸುತ್ತಿದ್ದಳು. ಉಸಿರು ಎಣಿಸುತ್ತೇನೆ ಎಂದು ಹೇಳಿದರೆ ರೋಗಿಯ ಉಸಿರು ಹದ ತಪ್ಪುತ್ತದಂತೆ, ಅದಕ್ಕೇ ಅದೊಂದನ್ನು ಮಾತ್ರ ಹೇಳದೆ ಮಾಡಬೇಕು. ಅದರಲ್ಲಿ ನಮ್ಮವಳನ್ನು ಮೀರಿಸುವವರಿಲ್ಲ.

ತೊಡಕು ಬಂದಿದ್ದು ಬೇಡ ಎನ್ನುವಲ್ಲಿ. ಅವತ್ತು ಒಂದು ಕೈ ಒರೆಸಿ ಮುಗಿಸಿದ್ದಳು. ಇನ್ನೊಂದು ಕೈಗೆ ಬಂದಾಗ ನಾನು "ಬೇಡ" ಅಂದೆ. ಟವೆಲ್ ಮಡಚಿದಳು, ಬೋಗುಣಿ ಎತ್ತಿಕೊಂಡು ಹೋದಳು. ಈಗ ಬಂದು ಕೇಳುತ್ತಾಳೆ, ಆಗ ಬಂದು ಕೇಳುತ್ತಾಳೆ ಎಂದು ಅರ್ಧ ಒದ್ದೆ ಮೈಯಲ್ಲಿ ಮಲಗಿದ್ದೇನೆ. ಅಡುಗೆಮನೆಯಿಂದ ಅಕ್ಕಿ ತೊಳೆಯುವ ಸದ್ದು ಬಂತು.

"ಎಲ್ಲಿಗೆ ಹೋದ್ಯೇ?" ಎಂದು ಕೂಗಿದೆ.

"ನೀವು ಬೇಡ ಅಂದ್ರಲ್ಲ ಅತ್ತೆ."

"ಬೇಡ ಅಂದ್ರೆ ಯಾಕೆ ಅಂತ ಕೇಳ್ಬೇಕು ಕಣೇ."

ಅವಳು ಬಾಗಿಲಿಗೆ ಬಂದು ನಿಂತಳು, ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. "ನಿಮ್ಮನ್ನಾ?" ಅಂದಳು.

ಆ ಒಂದು ಮಾತಿಗೆ ನಾನು ಮಂಚದಿಂದ ಅರ್ಧ ಎದ್ದು ಕೂತೆ. ಆದರೆ ಅಭ್ಯಾಸಬಲ ನೋಡಿ, ಬಾಯಿಂದ ಬಂದಿದ್ದು ಬೈಗುಳವೇ. "ನನ್ನನ್ನಲ್ಲದೆ ರಬ್ಬರ್ ಮಾವನ್ನ ಕೇಳ್ತೀಯಾ? ಕೇಳು. ಈಗಲೇ ಕೇಳು." ಕೇಳು ಎಂದು ಗದರಿದರೆ ಯಾರು ತಾನೇ ಕೇಳುತ್ತಾರೆ. ಅವಳು "ಯಾಕೆ" ಅಂದಳು, ಅದು ಪ್ರಶ್ನೆಯಾಗಿರಲಿಲ್ಲ, ಒಪ್ಪಿಸಿದ ಪಾಠವಾಗಿತ್ತು. ಎರಡನೇ ವಾರವೂ ಅಷ್ಟೇ. ನಾನು ಬೇಡ ಅನ್ನುವುದು, ಅವಳ ಕೈ ತಾನಾಗಿ ಟವೆಲ್ ಮಡಚುವುದು. ಮೂರನೇ ವಾರ ನಾನು ಗದರುವುದನ್ನು ಬಿಟ್ಟೆ. ಬೇಡ ಎಂದು ಹೇಳಿ ಸುಮ್ಮನೆ ಸೂರು ನೋಡುತ್ತಾ ಮಲಗುತ್ತಿದ್ದೆ. ಅವಳು ಟವೆಲ್ ಮಡಚಿ ಎರಡು ಹೆಜ್ಜೆ ಹೋಗಿ ನಿಲ್ಲುವವರೆಗೆ ಬಂದಿದ್ದಳು. ನಿಂತು, ನನ್ನ ಮುಖ ನೋಡಿ, ಮತ್ತೆ ಹೋಗಿಬಿಡುತ್ತಿದ್ದಳು. ಪರೀಕ್ಷೆಯ ಹಿಂದಿನ ದಿನವೂ ಅಷ್ಟೇ ಆಗಿದ್ದು.

ಪರೀಕ್ಷೆ ಬೆಳಿಗ್ಗೆ ಹತ್ತಕ್ಕೆ. ಆಸ್ಪತ್ರೆಯ ಸಡಿಲ ಅಂಗಿ ತೊಡಿಸಿ ನನ್ನನ್ನು ಕಿಟಕಿಯ ಪಕ್ಕದ ಮಂಚದ ಮೇಲೆ ಮಲಗಿಸಿದರು. ಹೊರಗಿನಿಂದ ಬಂದಿದ್ದ ಪರೀಕ್ಷಕಿ ಉದ್ದ ಜಡೆಯ, ಗಂಭೀರ ಮುಖದ ಹೆಂಗಸು. ಪಟ್ಟಿಯನ್ನು ಹಲಗೆಗೆ ಸಿಕ್ಕಿಸಿಕೊಂಡು ಮೂಲೆಯಲ್ಲಿ ಕೂತರು. ಸೊಸೆ ಒಳಗೆ ಬರುವ ಮೊದಲು ನನಗೆ ಹೇಳಿದರು, "ಎಲ್ಲಾದರೂ ಒಂದು ಕಡೆ ಬೇಡ ಅನ್ನಿ. ಎಲ್ಲಿ ಅನ್ನೋದು ನಿಮಗೆ ಬಿಟ್ಟಿದ್ದು. ಅವರು ಯಾಕೆ ಅಂತ ಕೇಳಿದ್ರೆ ಮಾತ್ರ ಕಾರಣ ಹೇಳಿ. ಕೇಳದೆ ಇದ್ರೆ ಸುಮ್ನೆ ಮಲಗಿರಿ. ಕಣ್ಸನ್ನೆ, ಕೆಮ್ಮು, ಏನೂ ಇರಬಾರದು."

"ನಾನು ಸೂಪರ್‌ವೈಸರ್ ಆಗಿದ್ದವಳಮ್ಮ, ಕಾಪಿ ಹೊಡೆಸಲ್ಲ," ಅಂದೆ. ಏನು ಹೇಳಬೇಕು ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದೆ. ಕಾಲಿಗೆ ಬಂದಾಗ ಬೇಡ ಅನ್ನುವುದು, ಯಾಕೆ ಅಂದರೆ ಕಚಗುಳಿ ಆಗುತ್ತೆ ಅನ್ನುವುದು. ಸುಲಭದ ಉತ್ತರ, ಅವಳಿಗೂ ಮುಂದುವರಿಯಲು ಸುಲಭ.

ಅವಳು ಬಂದಳು. ಬಿಳಿ ಅಂಗಿ, ಕಟ್ಟಿದ ಕೂದಲು. ಪರದೆ ಎಳೆದಳು, ಕೈ ತೊಳೆದಳು, ನನ್ನ ಬಳಿ ಬಂದು ನಿಂತಳು. "ನಾನು ಇವತ್ತು ನಿಮ್ಮನ್ನ ನೋಡ್ಕೊಳ್ಳೋ ಸಹಾಯಕಿ. ನಿಮ್ಮನ್ನ ಏನಂತ ಕರೀಲಿ?"

"ಅತ್ತೆ ಅಂತಲೇ ಕರಿಯಮ್ಮ."

"ಅತ್ತೆ, ಮುಖ ಒರೆಸ್ತೀನಿ. ಒರೆಸ್ಲಾ?"

ದನಿ ನಡುಗುತ್ತಿತ್ತು, ಆದರೆ ಬರುತ್ತಿತ್ತು. ಮುಖ ಆಯಿತು, ಕತ್ತು ಆಯಿತು, ಕೈ ಆಯಿತು. ಪ್ರತಿ ಸಲ ಹೇಳಿದಳು, ಕೇಳಿದಳು, ಕಾದಳು. ಬೆನ್ನು ಒರೆಸುವಾಗ ಸೊಂಟದ ಹತ್ತಿರ ಬೆರಳಿಂದ ಮೆಲ್ಲಗೆ ಒತ್ತಿ, ಚರ್ಮ ಕೆಂಪಾಗಿಲ್ಲ ಎಂದು ಪರೀಕ್ಷಕಿಗೆ ಕೇಳುವ ಹಾಗೆ ಹೇಳಿದಳು. ನೀರು ಬದಲಾಯಿಸಿ ತಂದಳು. ಆಮೇಲೆ ಮಂಚದ ಕೆಳತುದಿಗೆ ಹೋಗಿ, ಹೊದಿಕೆಯನ್ನು ಮಂಡಿಯವರೆಗೆ ಮಡಚಿ, ನನ್ನ ಪಾದದ ಕೆಳಗೆ ಟವೆಲ್ ಹಾಸಿ, ಬಗ್ಗಿ ನಿಂತಳು.

"ಅತ್ತೆ, ಕಾಲು ತೊಳೀತೀನಿ. ತೊಳೀಲಾ?"

ನನ್ನ ಕಾಲು ನೋಡಲು ಚೆಂದವಿಲ್ಲ. ಮೂವತ್ತೆರಡು ವರ್ಷದ ಕೆಲಸ ಅದರಲ್ಲಿದೆ, ಹಿಮ್ಮಡಿ ಬಿರಿದು, ಬೆರಳು ಸೊಟ್ಟಗಾಗಿ. ಕಾರ್ಖಾನೆಯಿಂದ ಬಂದು ಇದೇ ಕಾಲನ್ನು ಎಷ್ಟು ಸಂಜೆ ಅವಳ ಮಡಿಲಿಗೆ ಚಾಚಿಲ್ಲ ನಾನು. ಒತ್ತು ಎಂದು ಹೇಳುವ ಕಷ್ಟವನ್ನೂ ತೆಗೆದುಕೊಂಡವಳಲ್ಲ, ಚಾಚಿದರೆ ಸಾಕು. ಅವಳಿಗೂ ಆಗ ನಿಂತೂ ನಿಂತೂ ಕಾಲು ನೋಯುತ್ತಿರುತ್ತದೆ ಎನ್ನುವುದು ತಲೆಗೆ ಹೊಳೆದಿರಲಿಲ್ಲ. ಈಗ ಅದೇ ಹುಡುಗಿ ಅದೇ ಕಾಲನ್ನು ಮುಟ್ಟಲಾ ಎಂದು ನನ್ನನ್ನು ಕೇಳುತ್ತಿದ್ದಾಳೆ. ಕೇಳಿ, ಉತ್ತರಕ್ಕೆ ಕಾಯುತ್ತಿದ್ದಾಳೆ.

"ಬೇಡ," ಅಂದೆ. ಅದು ನಾನು ಗಟ್ಟಿ ಮಾಡಿಕೊಂಡಿದ್ದ ಬೇಡ ಆಗಿರಲಿಲ್ಲ. ನಿಜವಾದದ್ದೇ ಬಂದುಬಿಟ್ಟಿತ್ತು, ಮನೆಯಲ್ಲಿ ಬರುವುದಕ್ಕಿಂತ ಒರಟಾಗಿ.

ಅವಳ ಕೈ ಟವೆಲ್ ಮಡಚಿತು. ಹೊದಿಕೆಯನ್ನು ನನ್ನ ಕಾಲಿನ ಮೇಲೆ ಎಳೆದಳು. ಬೋಗುಣಿ ಎತ್ತಿಕೊಂಡಳು. ಒಂದು ಹೆಜ್ಜೆ, ಎರಡು ಹೆಜ್ಜೆ. ನಿಂತಳು. ನನಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಹೋಗಬೇಡ ಕಣೇ ಎಂದು ಕೂಗಲು ನಾಲಿಗೆ ತುದಿಗೆ ಬಂದಿದ್ದನ್ನು ಹಲ್ಲಿನಿಂದ ಕಚ್ಚಿ ಹಿಡಿದೆ. ಮೂಲೆಯಲ್ಲಿ ಪರೀಕ್ಷಕಿಯ ಪೆನ್ನು ಹಲಗೆಯ ಮೇಲೆ ಸಿದ್ಧವಾಗಿತ್ತು. ಎಂಟು ತಿಂಗಳು ಓದಿದ್ದು ಅವಳು, ಆ ಎರಡು ಹೆಜ್ಜೆ ನಾನು ಕಲಿಸಿದ್ದು. ದೇವರಾಣೆ, ಬದುಕಿನಲ್ಲಿ ಅಷ್ಟು ಹೊತ್ತು ನಾನು ಯಾವತ್ತೂ ಬಾಯಿ ಮುಚ್ಚಿಕೊಂಡಿದ್ದವಳಲ್ಲ.

ಬೋಗುಣಿಯನ್ನು ಟ್ರಾಲಿಯ ಮೇಲಿಟ್ಟ ಸದ್ದಾಯಿತು. ಅವಳು ಸ್ಟೂಲು ಎಳೆದುಕೊಂಡು ಬಂದು ನನ್ನ ತಲೆಯ ಪಕ್ಕ ಕೂತಳು, ಅವಳ ಕಣ್ಣು ನನ್ನ ಕಣ್ಣಿನ ನೇರಕ್ಕೆ ಬಂತು.

"ಯಾಕೆ ಅತ್ತೆ?" ಅಂದಳು. "ಯಾಕೆ ಬೇಡ?"

ಕಚಗುಳಿ ಎಂದು ಹೇಳಬೇಕಿತ್ತು. ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಹಾಗೆ ಹತ್ತಿರ ಕೂತು, ನಿಜವಾಗಿ ಉತ್ತರ ಬೇಕು ಎನ್ನುವವರ ಹಾಗೆ ಯಾರಾದರೂ ಕೇಳಿದರೆ ಸುಳ್ಳು ಹೇಳುವುದು ಹೇಗೆ. "ನಿನ್ನ ಕೈಯಲ್ಲಿ ಕಾಲು ತೊಳೆಸ್ಕೊಳ್ಳೋಕೆ ನಂಗೆ ಮುಖ ಇಲ್ಲಮ್ಮ," ಅಂದೆ. "ಇಷ್ಟು ವರ್ಷ ನಿನ್ನ ಬಾಯಿ ಮುಚ್ಚಿಸಿಟ್ಟವಳು ನಾನು. ನೀನು ಫೇಲಾಗಿದ್ದೂ ನನ್ನಿಂದಲೇ. ಯಾವ ಮುಖ ಇಟ್ಕೊಂಡು ಕಾಲು ಚಾಚಲಿ?" ಅಳು ಬಂದುಬಿಟ್ಟಿತು. ಮಲಗಿ ಅತ್ತರೆ ಕಣ್ಣೀರು ನೇರ ಕಿವಿಗೆ ಹೋಗುತ್ತದೆ, ಅದೊಂದು ಹಿಂಸೆ.

ಅವಳು ಒಣ ಟವೆಲಿನ ಮೂಲೆಯಿಂದ ನನ್ನ ಕಿವಿ ಒರೆಸಿದಳು. ಅದಕ್ಕೆ ಮೊದಲು "ಕಿವಿ ಒರೆಸ್ಲಾ?" ಎಂದು ಕೇಳಿದಳು, ಅದನ್ನೂ ಹೇಳಿಬಿಡುತ್ತೇನೆ. ಆಮೇಲೆ, ನಾನು ಯಾವತ್ತೂ ಕೇಳದ ಒಂದು ದನಿಯಲ್ಲಿ, ಜೋರಲ್ಲ, ಮೆತ್ತಗೂ ಅಲ್ಲ, ಅಂದಳು:

"ಅತ್ತೆ, ಆ ಮಾತು ಮನೇಲಿ ಆಡೋಣ. ಈಗ ನೀರು ಆರ್ತಾ ಇದೆ. ಕಾಲು ತೊಳೀಲಾ, ಇಲ್ಲಾ ಇವತ್ತಿಗೆ ಬಿಡ್ಲಾ? ಬರೀ ಒದ್ದೆ ಬಟ್ಟೇಲಿ ಒರೆಸಬೇಕು ಅಂದ್ರೆ ಹಾಗೂ ಮಾಡ್ತೀನಿ. ನೀವು ಹೇಳಿದಂಗೆ."

"ತೊಳಿ," ಅಂದೆ.

ತೊಳೆದಳು. ಬೆರಳುಗಳ ಸಂದಿಯನ್ನೂ ಬಿಡದೆ ಒರೆಸಿ ಒಣಗಿಸಿದಳು. ಬಿರಿದ ಹಿಮ್ಮಡಿ ನೋಡಿ, "ಇದಕ್ಕೆ ಮುಲಾಮು ಬೇಕು, ಸಿಸ್ಟರ್‌ಗೆ ಹೇಳ್ತೀನಿ," ಎಂದು ಮಂಚಕ್ಕೆ ಸಿಕ್ಕಿಸಿದ್ದ ರೋಗಿಯ ಹಾಳೆಯಲ್ಲಿ ಬರೆದಳು. ಪರೀಕ್ಷಕಿ ಎದ್ದು ಬಂದು ನನ್ನನ್ನೊಮ್ಮೆ ನೋಡಿ, "ಇಷ್ಟು ಚೆನ್ನಾಗಿ ನಟನೆ ಮಾಡೋ ರೋಗಿ ನಮಗೆ ಸಿಕ್ಕಿರಲಿಲ್ಲ," ಅಂದರು. ದೊಡ್ಡ ಸಿಸ್ಟರ್ ಪರದೆಯ ಆಚೆಗಿದ್ದವರು ಕನ್ನಡಕ ತೆಗೆದು ಒರೆಸುತ್ತಿದ್ದರು.

ಹನ್ನೆರಡು ಗಂಟೆಗೆ ಫಲಿತಾಂಶದ ಪಟ್ಟಿ ಹಚ್ಚಿದರು. ಪಾಸು.

ಮನೆಗೆ ಹೋಗುವ ದಾರಿಯುದ್ದಕ್ಕೂ ನನಗೆ ಒಂದೇ ಭಯ. ಮನೇಲಿ ಆಡೋಣ ಎಂದಿದ್ದಾಳಲ್ಲ. ಮರೆತಿರಬಹುದು, ಪಾಸಾದ ಸಂತೋಷದಲ್ಲಿ ಬಿಟ್ಟಿರಬಹುದು ಎಂದು ಆಸೆ. ಅವಳು ಬಸ್ಸಿನಲ್ಲಿ ಮಡಿಲ ಮೇಲೆ ಕೈ ಇಟ್ಟುಕೊಂಡು ಹೊರಗೆ ನೋಡುತ್ತಾ ಕೂತಿದ್ದಳು. ಮನೆಗೆ ಬಂದು ಬಟ್ಟೆ ಬದಲಿಸಿದಳು. ರಜಾ ಹಾಕಿ ಕಾದಿದ್ದ ನನ್ನ ಮಗ ಸುದ್ದಿ ಕೇಳಿ ಕುಣಿದಾಡಿದ. ಅವನ ಕುಣಿತ ಮುಗಿಯುವವರೆಗೆ ನಿಂತಿದ್ದು, "ಇವತ್ತು ಅಡುಗೆ ನೀವು ನೋಡ್ಕೊಳ್ಳಿ, ನಂಗೆ ಅತ್ತೆ ಹತ್ರ ಮಾತಿದೆ," ಅಂದಳು. ಅವನು ನನ್ನ ಮುಖ ನೋಡಿದ, ಅವಳ ಮುಖ ನೋಡಿದ, ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡ. ಅವನಿಗೂ ಬುದ್ಧಿ ಇದೆ ಎಂದು ನನಗೆ ಅವತ್ತೇ ಗೊತ್ತಾಗಿದ್ದು.

ನಾನು ಮಂಚದ ಮೇಲೆ ಗೋಡೆಗೊರಗಿ ಕೂತಿದ್ದೆ. ಅವಳು ಎದುರಿಗೆ ನಿಂತಳು.

"ಕೋಪ ಮಾಡ್ಕೋಬೇಡಿ ಅಂತ ಹೇಳಲ್ಲ," ಅಂದಳು. "ಮಾಡ್ಕೊಳ್ಳಿ. ಆದ್ರೆ ಪೂರ್ತಿ ಕೇಳಿ. ನಮ್ಮಮ್ಮ ಆಸ್ಪತ್ರೆಗೆ ಸೇರಿದಾಗ ಅಣ್ಣ ಫೋನ್ ಮಾಡಿದ್ದು ಬುಧವಾರ. ನೀವೇ ಎತ್ತಿಕೊಂಡ್ರಿ. ನಾನು ಪಕ್ಕದಲ್ಲೇ ನಿಂತಿದ್ದೆ. ಭಾನುವಾರ ಕಳಿಸ್ತೀನಿ ಅಂದ್ರಿ ನೀವು. ನಾನು ಏನೂ ಅನ್ನಲಿಲ್ಲ."

ನನಗೆ ಆ ಫೋನ್ ನೆನಪಿತ್ತು. ಕಾರ್ಖಾನೆಯಲ್ಲಿ ದೊಡ್ಡ ಆರ್ಡರ್ ಇತ್ತು, ಮನೆಯಲ್ಲಿ ಚಿಕ್ಕವಳಿಗೆ ಹಲ್ಲು ಬರುತ್ತಿತ್ತು, ನೋಡಿಕೊಳ್ಳಲು ಯಾರೂ ಇರಲಿಲ್ಲ. ಭಾನುವಾರ ಅಂದಿದ್ದೆ. ಅವಳು ಸುಮ್ಮನಿದ್ದಳು, ಒಪ್ಪಿದಳು ಅಂದುಕೊಂಡಿದ್ದೆ.

"ಭಾನುವಾರ ಹೋದಾಗ ಅಮ್ಮನಿಗೆ ಮಾತು ನಿಂತುಹೋಗಿತ್ತು," ಅಂದಳು. "ಶನಿವಾರದವರೆಗೂ ಮಾತಾಡ್ತಿದ್ಲಂತೆ. ನನ್ನ ಕೇಳಿದ್ಲಂತೆ. ನಾನು ಹೋದಾಗ ಒದ್ದೆ ಚಾದರದ ಮೇಲೆ ಮಲಗಿದ್ಲು. ತಲೆ ಸಿಕ್ಕುಗಟ್ಟಿತ್ತು. ಆಸ್ಪತ್ರೆಯವರು ಇಬ್ರು ಬಂದು ಏನೂ ಹೇಳದೆ ಅವಳನ್ನ ಮೂಟೆ ಹೊರಳಿಸಿದಂಗೆ ಹೊರಳಿಸಿದ್ರು. ಅಮ್ಮ ಹೆದರಿಕೊಂಡು ನನ್ನ ಕಡೆ ನೋಡಿದ್ಲು. ನಾನು ಅವರಿಗೂ ಏನೂ ಅನ್ನಲಿಲ್ಲ ಅತ್ತೆ. ನಂಗೆ ಬರ್ಲಿಲ್ಲ."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು. ಅವನೂ ಕೇಳಿಸಿಕೊಳ್ಳುತ್ತಿದ್ದ.

ನನ್ನ ಬಳಿ ಕಾರಣ ಇತ್ತು. ಆರ್ಡರ್, ಮಗು, ಕಾಯಿಲೆ ಅಷ್ಟು ಜೋರಾಗಿದೆ ಎಂದು ನಿಮ್ಮಣ್ಣ ಹೇಳಲೇ ಇಲ್ಲ. ಎಲ್ಲ ನಾಲಿಗೆಯ ಮೇಲೆ ಸಾಲಾಗಿ ಬಂದು ನಿಂತವು. ಅವನ್ನೆಲ್ಲ ನುಂಗಿಕೊಂಡೆ. ಹದಿನೆಂಟು ವರ್ಷ ಸೂಪರ್‌ವೈಸರ್ ಆಗಿದ್ದಾಗ ಒಬ್ಬರ ಬಳಿಯೂ ಹೇಳದ ಮಾತನ್ನು ಅವಳಿಗೆ ಹೇಳಿದೆ.

"ತಪ್ಪಾಯ್ತಮ್ಮ."

ಪರವಾಗಿಲ್ಲ ಬಿಡಿ ಅತ್ತೆ ಅನ್ನುತ್ತಾಳೆ ಎಂದುಕೊಂಡಿದ್ದೆ. ಹನ್ನೊಂದು ವರ್ಷ ಪ್ರತಿಯೊಂದಕ್ಕೂ ಅದನ್ನೇ ಅಂದವಳು.

"ಹೌದು ಅತ್ತೆ," ಅಂದಳು. "ತಪ್ಪಾಯ್ತು."

ಹಾಗೆಂದು ಅಳತೊಡಗಿದಳು. ಸದ್ದು ಮಾಡಿ ಅತ್ತಳು, ಪಕ್ಕದ ಮನೆಗೆ ಕೇಳಿಸುವಷ್ಟು. ನಾನು ತಡೆಯಲಿಲ್ಲ. ಅತ್ತು ಮುಗಿದ ಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, ಕೆಂಪು ಕಣ್ಣಿನಿಂದ ನನ್ನನ್ನೇ ನೋಡಿದಳು.

"ಇನ್ನೂ ಇದೆ," ಅಂದಳು.

"ಹೇಳು," ಎಂದು ನಾನು ಸರಿದು ಮಂಚದ ಮೇಲೆ ಅವಳಿಗೆ ಜಾಗ ಮಾಡಿಕೊಟ್ಟೆ.